ದುಡಿಮೆಯೂ ಆರಾಧನೆ

ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೂ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಚರ್ಚ್ ಸಂಗೀತದ ಹೊಣೆ ಹೊತ್ತಿದ್ದರು. ಅದು ಸಂಬಳದ ಕೆಲಸ. ಆರಂಭದಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕೃತಿ, ಶಾಲೆಯ ಹುಡುಗರಿಗೆ ಹಾಡಿನ ಪಾಠ, ಜೊತೆಗೆ ಮೇಲಿನವರೊಡನೆ ಜಟಾಪಟಿ. ಆದರೂ ಅನೇಕ ಹಸ್ತಪ್ರತಿಗಳ ಕೊನೆಗೆ ಅವರು ಬರೆದದ್ದು, ಮಹಿಮೆ ದೇವರೊಬ್ಬನಿಗೇ ಎಂಬರ್ಥದ ಮೂರು ಲ್ಯಾಟಿನ್ ಅಕ್ಷರ.

ಇದರ ಹಿಂದಿರುವುದು ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಅವರ ಬೋಧನೆ: ಪಾದ್ರಿಯ ಸೇವೆಯಂತೆಯೇ ರೈತನ, ಮನೆಗೆಲಸದವಳ ದುಡಿಮೆಯೂ ದೇವರು ಕೊಟ್ಟ ಕರೆ, ನೆರೆಯವರಿಗೆ ಒದಗುವ ದಾರಿ. ಹಾಗಾದರೆ ಪ್ರಾರ್ಥನೆ ಭಾನುವಾರಕ್ಕೇ ಮುಗಿಯುವುದಿಲ್ಲ. ಶ್ರುತಿ ಕೂಡಿಸುವುದರಲ್ಲೂ, ಲೆಕ್ಕ ಸರಿಯಾಗಿ ಬರೆಯುವುದರಲ್ಲೂ ಮುಂದುವರಿಯುತ್ತದೆ. ಹೊಗಳುವವರು ಇರಲಿ, ಇಲ್ಲದಿರಲಿ, ಇಂದಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡೋಣ.