ಅಟ್ಟದ ಮೇಲಿನ ಕ್ಯಾಮರಾ ಇಳಿಸಿ ನೋಡಿ



ಚಿತ್ರದುರ್ಗದ ಬಂಡೆಗಳು ಕನ್ನಡಿಗರ ಮನಸ್ಸಿನಲ್ಲಿ ಕೂತದ್ದು ಚರಿತ್ರೆಯ ಪುಸ್ತಕಗಳಿಂದ ಎಷ್ಟೋ, 1972ರ ‘ನಾಗರಹಾವು’ ಚಿತ್ರದಿಂದಲೂ ಅಷ್ಟೇ. ಆ ಚಿತ್ರದ ‘ಬಾರೇ ಬಾರೇ’ ಹಾಡನ್ನು ಪುಟ್ಟಣ್ಣ ಕಣಗಾಲರು ನಿಧಾನಗತಿಯಲ್ಲಿ ತೆಗೆಸಿದರು. ನಡಿಗೆ ಮಾಮೂಲಿನದೇ. ಕ್ಯಾಮರಾದೊಳಗೆ ಫಿಲ್ಮು ಮಾತ್ರ ಹೆಚ್ಚು ವೇಗವಾಗಿ ಓಡಿತು, ಪರದೆಯ ಮೇಲೆ ಹೆಜ್ಜೆಗಳು ತೇಲಿದವು. ಕಣ್ಣಿಗೆ ಕಾಣದ್ದನ್ನು ಫಿಲ್ಮಿನ ಮೇಲೆ ಮೂಡಿಸುವ ಈ ಆಟವನ್ನು ಅಂಗೈಯಗಲದ ಕ್ಯಾಮರಾದಲ್ಲೂ ಆಡಬಹುದು. ಇಂದಿನ ಮಾತು ಅದರ ಬಗ್ಗೆ.

ಮೊಬೈಲಿನ ಕಾಲದಲ್ಲಿ ಹುಟ್ಟಿದ ಹುಡುಗ ಹುಡುಗಿಯರು ಈಗ ಮತ್ತೆ ರೀಲು ಕ್ಯಾಮರಾ ಹುಡುಕುತ್ತಿದ್ದಾರೆ. ಹುಡುಕುವವರ ಕಣ್ಣು ಮೊದಲು ಬೀಳುವುದು 1997ರ ಒಲಿಂಪಸ್ ಮ್ಯೂ-2ರಂಥ ಹೆಸರುವಾಸಿ ಮಾದರಿಗಳ ಮೇಲೆ. ಅವು ಒಳ್ಳೆಯವೇ. ಆದರೆ ಬೇಡಿಕೆಯಿಂದ ಬೆಲೆ ಮಿತಿಮೀರಿದೆ. ಒಳಗಿನ ಸರ್ಕ್ಯೂಟ್ ಕೆಟ್ಟರೆ ರಿಪೇರಿ ಮಾಡುವವರು ಸಿಗುವುದು ಕಷ್ಟ. ಇನ್ನೊಂದು ತೊಡಕೂ ಉಂಟು. ಬೆಳಕೆಷ್ಟು, ಫ್ಲ್ಯಾಶ್ ಬೇಕೋ ಬೇಡವೋ, ರೀಲು ಯಾವಾಗ ಹಿಂದಕ್ಕೆ ಸುತ್ತಬೇಕು, ಎಲ್ಲವನ್ನೂ ಅವೇ ತೀರ್ಮಾನಿಸಲು ಹೊರಡುತ್ತವೆ. ಪ್ರಯೋಗ ಮಾಡಹೊರಟವರಿಗೆ ಇಷ್ಟು ಬುದ್ಧಿವಂತ ಯಂತ್ರ ಅಡ್ಡಿಯೇ ಸರಿ.

ದೊಡ್ಡಣ್ಣನ ಕಥೆಯನ್ನೂ ಕೇಳಬೇಕು. ಸೋವಿಯತ್ ಲೆನಿನ್‌ಗ್ರಾಡ್‌ನ ಲೋಮೋ ಕಾರ್ಖಾನೆ 1984ರಿಂದ ಎಲ್‌ಸಿ-ಎ ಎಂಬ ಸಣ್ಣ ಕ್ಯಾಮರಾವನ್ನು ಜನಸಾಮಾನ್ಯರಿಗೆಂದು ತಯಾರಿಸಿತು. ಚಿತ್ರದ ಮೂಲೆಗಳು ಕಪ್ಪಗಾಗುತ್ತಿದ್ದವು, ಬಣ್ಣ ಗಾಢವಾಗುತ್ತಿತ್ತು. 1991ರಲ್ಲಿ ಪ್ರಾಗ್ ನಗರಕ್ಕೆ ಹೋಗಿದ್ದ ವಿಯೆನ್ನಾದ ವಿದ್ಯಾರ್ಥಿಗಳಿಗೆ ಇದು ಸಿಕ್ಕಿತು. ಆ ದೋಷವೇ ಅವರಿಗೆ ಸೊಗಸಾಗಿ ಕಂಡಿತು. ಮರುವರ್ಷ ಸಂಘವನ್ನೇ ಕಟ್ಟಿದರು. ಇಂದು ಆ ಕ್ಯಾಮರಾವೂ ದುಬಾರಿ. ಅಗ್ಗದ್ದನ್ನು ಮೆಚ್ಚಿಕೊಂಡೇ ಅದರ ಬೆಲೆ ಏರಿಸಿದರು ಎನ್ನಬೇಕು!

ಹಾಗಾದರೆ ಚಿತ್ರದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಇರುವವರು ಏನು ಮಾಡಬೇಕು? ಮೊದಲು ಮನೆಯ ಅಟ್ಟ ನೋಡಬೇಕು, ಆಮೇಲೆ ಸೋದರಮಾವನ ಬೀರು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಸಿಗಬಹುದು. ಅಗಲವಾದ 120 ಫಿಲ್ಮು, ಹನ್ನೆರಡು ಚೌಕ ಚಿತ್ರ, ಬಿಸಿಲು-ಮೋಡ ಎಂಬ ಎರಡೇ ಆಯ್ಕೆ. ಹಾಟ್ ಶಾಟ್ 110 ಸಿಕ್ಕರೆ ಅದರ ರೀಲು ಹುಡುಕುವುದೇ ತಲೆನೋವು. ತೊಂಬತ್ತರ ದಶಕದ ಕೊಡಕ್ ಕೆಬಿ-10 ಅಥವಾ ಯಾಶಿಕಾ ಎಂಎಫ್-2 ಸಿಕ್ಕಿದರಂತೂ ಅದೃಷ್ಟ. ಮದುವೆ, ಶಾಲಾ ಪ್ರವಾಸಗಳಿಗೆಲ್ಲ ಹೋಗಿಬಂದ ಕ್ಯಾಮರಾಗಳಿವು. ಕೊಳ್ಳಬೇಕಾಗಿ ಬಂದರೂ ಒಂದು ಹೊಸ ಬಣ್ಣದ ರೀಲಿಗಿಂತ ಕಡಿಮೆ ಬೆಲೆಗೆ ದೊರಕುವುದುಂಟು.

ಕೊಳ್ಳುವಾಗ ಬ್ಯಾಟರಿ ಜಾಗದಲ್ಲಿ ಹಸಿರು ಕಿಲುಬು ಇದೆಯೇ, ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯೇ ನೋಡಬೇಕು. ರೀಲು ಇಲ್ಲದಾಗ ಗುಂಡಿ ಒತ್ತಿದರೆ ಈ ಕ್ಯಾಮರಾಗಳು ಸುಮ್ಮನಿರುವುದುಂಟು; ಕೆಟ್ಟಿದೆ ಎಂದು ಹಿಂದಿರುಗಿಸಬಾರದು. ಹಿಂಬಾಗಿಲು ತೆರೆದು ಹಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಕಿಟಕಿಗೆ ಹಿಡಿದು ಒತ್ತಿದರೆ ಬೆಳಕು ಮಿಂಚಿ ಮಾಯವಾಗಬೇಕು. ಫ್ಲ್ಯಾಶ್ ಮಾತ್ರ ಬಿಚ್ಚಲು ಹೋಗಬೇಡಿ, ಸೆಲ್ ತೆಗೆದಿದ್ದರೂ ಶಾಕ್ ಹೊಡೆದೀತು.

ಎಂಎಫ್-2ರಲ್ಲಿ ಫಿಲ್ಮಿನ ವೇಗ ತಿಳಿಸುವ ಒಂದು ಪುಟ್ಟ ಕಡ್ಡಿ ಇದೆ. ಅಸಲು ಆಟದ ಕೀಲಿ ಅದು. 200ರ ಫಿಲ್ಮು ಹಾಕಿ ಕಡ್ಡಿಯನ್ನು 400ಕ್ಕೆ ಇಟ್ಟರೆ ಅರ್ಧ ಬೆಳಕು ಮಾತ್ರ ಬೀಳುತ್ತದೆ. ಹಾಗೆ ಇಡೀ ರೀಲು ತೆಗೆದು, ಕ್ಯಾಮರಾವನ್ನು ಕಿವಿಗೆ ಹಿಡಿದು ಕೈಯಿಂದ ಹಿಂದಕ್ಕೆ ಸುತ್ತಬೇಕು. ಹಿಡಿತ ಸಡಿಲಿದ್ದು ತಿಳಿದ ಕೂಡಲೇ ನಿಲ್ಲಿಸಿದರೆ ಫಿಲ್ಮಿನ ನಾಲಿಗೆ ಹೊರಗೇ ಉಳಿಯುತ್ತದೆ. ಮೊದಲೇ ಪೆನ್ನಿನಿಂದ ಗುರುತು ಹಾಕಿದ್ದ ಜಾಗಕ್ಕೆ ಸರಿಯಾಗಿ ಮತ್ತೆ ಕೂರಿಸಿ, ಎರಡನೇ ಬಾರಿ ಅದರ ಮೇಲೆಯೇ ತೆಗೆಯಬೇಕು. ಎಲ್ಲವನ್ನೂ ತಾನೇ ಸುತ್ತಿಕೊಳ್ಳುವ ಮೋಟಾರಿನ ಕ್ಯಾಮರಾ ಸಾಮಾನ್ಯವಾಗಿ ಈ ನಾಲಿಗೆಯನ್ನು ನುಂಗಿಬಿಡುತ್ತದೆ.

ಇದರ ಗುಟ್ಟು ಇಷ್ಟೇ: ಮೊದಲ ಚಿತ್ರದ ಕತ್ತಲಿನಲ್ಲಿ ಎರಡನೆಯದು ಕೂರುತ್ತದೆ, ಬೆಳಕಿನಲ್ಲಿ ಕರಗಿಹೋಗುತ್ತದೆ. ಸಂಜೆಯ ಆಕಾಶಕ್ಕೆದುರಾಗಿ ಕಪ್ಪಗೆ ನಿಂತ ಕೋಟೆಯ ಬಂಡೆಯನ್ನು ಮೊದಲು ತೆಗೆಯಿರಿ. ಅದೇ ರೀಲಿನಲ್ಲಿ ಹಿರಿಯೂರಿನ ತೇರುಮಲ್ಲೇಶ್ವರನ ದೀಪಸ್ತಂಭ ತೆಗೆದರೆ ಕಂಬ ಬಂಡೆಯೊಳಗೆ ಹೊಕ್ಕಂತೆ ಕಾಣುತ್ತದೆ. ಹೊಸದುರ್ಗದ ಗುಡ್ಡಗಳ ಗಾಳಿಯಂತ್ರವನ್ನು ಎರಡು ಸಲ ತೆಗೆದರೆ ರೆಕ್ಕೆಗಳು ಮೂರರ ಬದಲು ಆರಾಗಬಹುದು. ಹೊಳಲ್ಕೆರೆಯ ಬಯಲು ಗಣಪತಿಗೆ ಮೇಲೆ ಆಕಾಶವೇ ಸೂರು. ಆ ಬೆಳಕಿನಲ್ಲಿ ಮಾತ್ರ ಎರಡನೇ ಚಿತ್ರ ನಿಲ್ಲಲಾರದು.

ಕಡ್ಡಿಯನ್ನು ಇನ್ನೊಂದು ದಿಕ್ಕಿಗೂ ದೂಡಬಹುದು. ಗಾಢ ಕತ್ತಲಲ್ಲಿ ಬಣ್ಣದ ಫಿಲ್ಮನ್ನು ಬೆನ್ನು ಮುಂದಾಗುವಂತೆ ತಿರುಗಿಸಿ ಖಾಲಿ ಡಬ್ಬಿಯೊಂದಕ್ಕೆ ಸುತ್ತಿಕೊಂಡರೆ ಚಿತ್ರವೆಲ್ಲ ಕೆಂಪು-ಕಿತ್ತಳೆ. ಬೆಳಕು ಹಾಳೆಯ ಬೆನ್ನಿನಿಂದ ಬರುವುದರಿಂದ ಮೊದಲು ಸಿಗುವುದು ಕೆಂಪಿನ ಪದರ. ಬೆಳಕು ಸುಮಾರು ನಾಲ್ಕು ಪಟ್ಟು ಬೇಕಾದ್ದರಿಂದ 400ರ ಫಿಲ್ಮಿಗೆ 100 ಎಂದು ಇಡುವುದು. ವಾಣಿವಿಲಾಸ ಸಾಗರದ ನೀರು ಹೇಗೆ ಕಂಡೀತು, ಊಹಿಸಿ!

ಖರ್ಚಿನ ಮಾತು ಉಳಿಯಿತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮು ಕೊಡುತ್ತಿತ್ತು, ಅದು ಮುಚ್ಚಿದೆ. ಈಗ ಬರುವುದು ಬಹುಪಾಲು ಹೊರದೇಶದ್ದು. ಬಣ್ಣದ ರೀಲೊಂದಕ್ಕೆ ಸಾವಿರ ರೂಪಾಯಿಯ ಆಸುಪಾಸು, ತೊಳೆಸುವುದು ಬೇರೆ. ಕ್ಯಾಮರಾಕ್ಕೆ ಹಾಕುವ ಹಣ ಉಳಿಸಿ ರೀಲಿಗೆ ಹಾಕಿ ಎನ್ನುವುದು ಈ ಕಾರಣಕ್ಕೇ. ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ ಸೇರಿಸಿದ ನೀರಿನಲ್ಲಿ ಫಿಲ್ಮು ಮೂಡುತ್ತದೆಂದು 1995ರಲ್ಲಿ ಅಮೆರಿಕದ ರೋಚೆಸ್ಟರ್‌ನ ತಂತ್ರಜ್ಞಾನ ಸಂಸ್ಥೆಯ ತರಗತಿಯೊಂದು ತೋರಿಸಿಕೊಟ್ಟಿತು. ಕೊನೆಗೆ ಹೈಪೋ ಬೇಕೇ ಬೇಕು. ವಾಸನೆಯ ಬಗ್ಗೆ ಮನೆಯವರ ಒಪ್ಪಿಗೆ ಮೊದಲೇ ಪಡೆಯುವುದು ಲೇಸು.

ಬಣ್ಣದ್ದನ್ನು ಹೊರ ಊರಿನ ಲ್ಯಾಬಿಗೆ ಕಳಿಸುವಾಗ ಡಬ್ಬಿಯ ಮೇಲೆ ‘ಎರಡು ಸಲ ತೆಗೆದದ್ದು, ಕತ್ತರಿಸಬೇಡಿ’ ಎಂದು ಬರೆಯುವುದು ಮರೆಯಬೇಡಿ. ಒಂದರ ಮೇಲೊಂದು ಬಿದ್ದ ಚಿತ್ರಗಳ ಅಂಚು ಯಂತ್ರಕ್ಕೆ ತಿಳಿಯುವುದಿಲ್ಲ. ನೆಗೆಟಿವ್ ಇಡಿಯಾಗಿ ಬಂದರೆ ಎಲ್ಲಿ ಕತ್ತರಿಸಬೇಕೆಂಬುದನ್ನು ನೀವೇ ಕಿಟಕಿಗೆ ಹಿಡಿದು ನೋಡಿ ತೀರ್ಮಾನಿಸಬಹುದು.