ಸೊಪ್ಪು, ತರಕಾರಿ, ಹಣ್ಣು: ತೊಳೆದರೆ ಹೋಗುವುದು, ಹೋಗದಿರುವುದು

(ಕಣೇಕಲ್ಲಿನಲ್ಲಿ ಕಬ್ಬು ಬೆಳೆಗಾರ ಸದಸ್ಯರು ಹಾಗೂ ಅವರ ಮನೆಯವರ ಮುಂದೆ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಬಿತ್ತನೆಯ ತುಂಡು, ಗೊಬ್ಬರದ ಪ್ರಮಾಣ, ಕಟಾವಿನ ಸರದಿ ಇವುಗಳ ಮಾತೇ ಹೆಚ್ಚು. ಆ ದಿನಗಳಲ್ಲಿ ಗಂಡಸರು ಮುಂದೆ ಕೂರುತ್ತಾರೆ, ಹೆಂಗಸರು ಹಿಂದೆ ಕೂರುತ್ತಾರೆ. ಈ ದಿನದ ಮಾತು ಅಡಿಗೆಮನೆಯದು. ಆದರೆ ಗಂಡಸರು ಎದ್ದು ಹೋಗಬಾರದೆಂದು ಕೇಳಿಕೊಳ್ಳುತ್ತೇನೆ. ಈ ವಿಷಯದ ಅರ್ಧ ಭಾಗ ಅವರ ಕೈಯಲ್ಲೇ ಇದೆ. ಏಕೆಂಬುದು ಮುಂದೆ ತಿಳಿಯುತ್ತದೆ.

ಸೊಪ್ಪು ತೊಳೆಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ತಾಯಂದಿರು ಅನ್ನಬಹುದು. ನಿಜ. ಹಗರಿಯ ಮರಳು ಆಷಾಢದ ಗಾಳಿಗೆ ಎದ್ದು ಬಂದು ಮೆಂತ್ಯದ ಮೇಲೂ ಪುಂಡಿಪಲ್ಯದ ಮೇಲೂ ಕೂರುವ ಸೀಮೆ ಇದು. ಎರಡು ಮೂರು ಸಲ ಜಾಲಾಡದೆ ಸಾರು ಮಾಡಿದರೆ ಹಲ್ಲಿನಲ್ಲಿ ಕರಕರ ಎನ್ನುತ್ತದೆ. ಮರಳು ಹಲ್ಲಿಗೆ ಸಿಕ್ಕುವುದರಿಂದ ನಾವು ತೊಳೆಯುತ್ತೇವೆ. ಆದರೆ ಹಲ್ಲಿಗೂ ಕಣ್ಣಿಗೂ ಸಿಕ್ಕದಿರುವವು ಎರಡಿವೆ. ಒಂದು, ರೋಗಾಣು ಮತ್ತು ಜಂತುಹುಳುವಿನ ಮೊಟ್ಟೆ. ಇನ್ನೊಂದು, ಸಿಂಪಡಿಸಿದ ಔಷಧದ ಉಳಿಕೆ. ಮನೆಯಲ್ಲಿರುವ ಉಪ್ಪು, ಹುಣಿಸೆ, ಅಡಿಗೆ ಸೋಡಾಗಳಿಂದ ಇವುಗಳ ಮಟ್ಟಿಗೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ವಿಚಾರ ಮಾಡೋಣ.

ಯಾವ ನೀರು?

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಿಂದ ಹೊರಟು ಬಳ್ಳಾರಿ ಸೀಮೆಯನ್ನು ಹಾಯ್ದು ನಮ್ಮಲ್ಲಿಗೆ ಬರುವ ಎಚ್.ಎಲ್.ಸಿ. ಕಾಲುವೆಯೇ ಇಲ್ಲಿನ ಬೆಳೆಗೆ ಜೀವ. ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳೆಗೆ ಒಳ್ಳೆಯದಾದ ನೀರೆಲ್ಲ ಬಾಯಿಗೆ ಒಳ್ಳೆಯದಲ್ಲ. ಬರುವ ದಾರಿಯುದ್ದಕ್ಕೂ ದನಗಳ ಮೈ ತೊಳೆದದ್ದು, ಬಟ್ಟೆ ಒಗೆದದ್ದು, ದಂಡೆಯ ಮೇಲಿನ ಹೊಲಸು ಎಲ್ಲವೂ ಅದಕ್ಕೆ ಸೇರುತ್ತವೆ. ಕೊತ್ತಂಬರಿ ಕಟ್ಟನ್ನು ಕಾಲುವೆಯಲ್ಲಿ ಅದ್ದಿ ಎತ್ತಿದರೆ ಮಣ್ಣು ಹೋಗಿ ಸೊಪ್ಪು ಹಸಿರಾಗಿ ಕಾಣುತ್ತದೆ. ಆದರೆ ಮಣ್ಣು ಹೋದ ಜಾಗಕ್ಕೆ ಭೇದಿ, ಕಾಮಾಲೆ, ಟೈಫಾಯಿಡ್ ತರುವ ರೋಗಾಣುಗಳು ಬಂದು ಕೂತಿರಬಹುದು.

ಬೇಯಿಸುವ ಪಲ್ಯಕ್ಕೆ ಈ ಭಯ ಕಡಿಮೆ. ಚೆನ್ನಾಗಿ ಕುದಿದರೆ ರೋಗಾಣು ಸಾಯುತ್ತದೆ, ಜಂತುವಿನ ಮೊಟ್ಟೆಯೂ ಸಾಯುತ್ತದೆ. ಭಯವಿರುವುದು ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆ, ಮೂಲಂಗಿ, ಟೊಮೆಟೊ, ಗಜ್ಜರಿ, ಸೀಬೆಹಣ್ಣುಗಳಿಂದ. ಆದುದರಿಂದ ಮೊದಲ ನಿಯಮ ಇದು: ಮಣ್ಣನ್ನು ಎಲ್ಲಿ ಬೇಕಾದರೂ ತೆಗೆಯಿರಿ, ಕೊನೆಯ ನೀರು ಮಾತ್ರ ನೀವು ಕುಡಿಯುವ ನೀರೇ ಆಗಿರಲಿ.

ಬರೀ ನೀರಿನ ಶಕ್ತಿ

ಬರೀ ನೀರಿನಿಂದ ಔಷಧ ಹೋಗುತ್ತದೆಯೇ ಎಂಬ ಸಂದೇಹ ಸಹಜ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಕೃಷಿ ಪ್ರಯೋಗ ಕೇಂದ್ರದವರು ಇದನ್ನೇ ಪರೀಕ್ಷಿಸಿ 2000ನೇ ಇಸವಿಯಲ್ಲಿ ಫಲಿತಾಂಶ ಪ್ರಕಟಿಸಿದರು. ಹಣ್ಣು ತರಕಾರಿಗಳನ್ನು ನಲ್ಲಿಯ ನೀರಿನಲ್ಲಿ ತೊಳೆದಾಗ, ಅವರು ನೋಡಿದ 12 ಔಷಧಗಳ ಪೈಕಿ 9ರ ಉಳಿಕೆ ಗಮನಾರ್ಹವಾಗಿ ತಗ್ಗಿತು. ನೀರಿನಲ್ಲಿ ಕರಗುವ ಔಷಧ ಮಾತ್ರ ಹೋಯಿತು, ಕರಗದ್ದು ಉಳಿಯಿತು ಎಂದೇನೂ ಆಗಲಿಲ್ಲ. ಮೇಲೆ ಕೂತ ಉಳಿಕೆ ಬಹುಮಟ್ಟಿಗೆ ಧೂಳಿನ ಜೊತೆಗೆ ಕೊಚ್ಚಿಹೋಗುತ್ತದೆ. ಅಂಗಡಿಯಲ್ಲಿ ಮಾರುವ ತರಕಾರಿ ತೊಳೆಯುವ ದ್ರಾವಣಗಳನ್ನೂ ಅದೇ ಕೇಂದ್ರ ಹೋಲಿಸಿ ನೋಡಿತು. ಬರೀ ನೀರಿಗಿಂತ ಅವುಗಳಲ್ಲಿ ಹೆಚ್ಚಿನ ಗುಣ ಕಾಣಲಿಲ್ಲ. ಬಣ್ಣದ ಬಾಟಲಿಗೆ ದುಡ್ಡು ಕೊಡುವ ಮೊದಲು ಇದನ್ನು ನೆನಪಿಡಿ.

ನೀರಿನ ಜೊತೆಗೆ ಬೇಕಾದದ್ದು ಕೈಯ ಉಜ್ಜುವಿಕೆ. ನಮ್ಮದು ನೀರಿಗೆ ಕಷ್ಟವಿರುವ ಸೀಮೆ. ನಲ್ಲಿ ಬಿಟ್ಟು ಹರಿಯುವ ನೀರಿನಲ್ಲಿ ತೊಳೆಯಿರಿ ಎಂದು ಹೇಳುವುದು ಸುಲಭ, ಬೇಸಿಗೆಯಲ್ಲಿ ಅಷ್ಟು ನೀರು ತರುವುದೆಲ್ಲಿಂದ? ಅದಕ್ಕೆ ಎರಡು ಪಾತ್ರೆಯ ಕ್ರಮ ಅನುಕೂಲ. ಮೊದಲ ಪಾತ್ರೆಯಲ್ಲಿ ಸೊಪ್ಪನ್ನು ಮುಳುಗಿಸಿ ಜಾಲಾಡಿ, ಮೇಲಿನಿಂದ ಎತ್ತಿಕೊಳ್ಳಿ. ಪಾತ್ರೆಯನ್ನು ಬಗ್ಗಿಸಿ ಸುರಿದರೆ ತಳದ ಮರಳು ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ಎರಡನೆಯ ಪಾತ್ರೆಯಲ್ಲಿ ಹೊಸ ನೀರಿನಿಂದ ಹಾಗೆಯೇ ಮಾಡಿ. ಕೊನೆಗೆ ಒಂದು ಚೊಂಬು ಕುಡಿಯುವ ನೀರನ್ನು ಮೇಲೆ ಸುರಿದು, ಜರಡಿಯಲ್ಲಿ ಸೋರಲು ಬಿಡಿ. ಮೊದಲ ಪಾತ್ರೆಯ ನೀರನ್ನು ದನಕರುಗಳಿಗೆ ಇಡಬೇಡಿ.

ಮನೆಯಲ್ಲೇ ಮಾಡುವ ದ್ರಾವಣಗಳು

ನೀರಿನಲ್ಲಿ ತೊಳೆದ ಮೇಲೆ ಇನ್ನೂ ಎಚ್ಚರಿಕೆ ಬೇಕೆನ್ನುವವರಿಗೆ ಮೂರು ದ್ರಾವಣಗಳನ್ನು ಹೇಳುತ್ತೇನೆ. ಮೂರಕ್ಕೂ ಹೆಚ್ಚಿನ ಖರ್ಚಿಲ್ಲ.

1. ಉಪ್ಪಿನ ನೀರು. ಒಂದು ಲೀಟರ್ ನೀರಿಗೆ 20 ಗ್ರಾಂ, ಅಂದರೆ ಮಟ್ಟವಾಗಿ ಮೂರು ಮೂರೂವರೆ ಟೀ ಚಮಚ ಪುಡಿ ಉಪ್ಪು. ಹತ್ತು ನಿಮಿಷ ನೆನೆಸಿ, ತೆಗೆದು ಮತ್ತೆ ಬರೀ ನೀರಿನಲ್ಲಿ ತೊಳೆಯಿರಿ. ಬದನೆ, ಬೆಂಡೆ, ಹಸಿಮೆಣಸಿನಕಾಯಿ, ಟೊಮೆಟೊಗಳಿಗೆ ಇದು ಸರಿ. ಹೂಕೋಸಿನ ಒಳಗೆ ಅಡಗಿದ ಹುಳು ಹೊರಬರುವುದೂ ಇದರಿಂದಲೇ. ಜೊತೆಗೆ ಅರಿಶಿನ ಹಾಕುವುದು ಕೆಲವರ ರೂಢಿ. ಹಾಕಿದರೆ ತೊಂದರೆ ಇಲ್ಲ, ಹುಳುವನ್ನು ಓಡಿಸುವುದು ಉಪ್ಪು.

2. ಹುಣಿಸೆ ನೀರು. ಒಂದು ಲೀಟರಿಗೆ ನಿಂಬೆಹಣ್ಣಿನ ಗಾತ್ರದ ಹುಣಿಸೆಹಣ್ಣು, ಸುಮಾರು 20 ಗ್ರಾಂ, ಕಿವುಚಿ ಸೋಸಿದ ನೀರು. ಪೇಟೆಯವರು ವಿನೆಗರ್ ಬಳಸುವ ಜಾಗದಲ್ಲಿ ನಮಗೆ ಇದು ಒದಗುತ್ತದೆ. ಕೇರಳದ ವೆಳ್ಳಾಯಣಿ ಕೃಷಿ ಕಾಲೇಜಿನವರು ಔಷಧದ ಉಳಿಕೆಗಳನ್ನು ಪರೀಕ್ಷಿಸಿ ಮನೆಗಳಿಗೆ ಹೇಳಿದ ಉಪಾಯಗಳಲ್ಲಿ ಹುಣಿಸೆ ನೀರೂ ಒಂದು. ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿಗಳನ್ನು ಇದರಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು ತೊಳೆಯಬಹುದು.

3. ಅಡಿಗೆ ಸೋಡಾ ನೀರು. ಒಂದು ಲೀಟರಿಗೆ 10 ಗ್ರಾಂ, ಅಂದರೆ ಎರಡು ಟೀ ಚಮಚ. ಸಿಪ್ಪೆ ಸಮೇತ ತಿನ್ನುವ ಹಣ್ಣಿಗೆ ಇದು ಒಳ್ಳೆಯದು. ಕಾರಣವನ್ನು ಬೆಳೆಗಾರರು ಬೇಗ ಗ್ರಹಿಸುತ್ತಾರೆ. ಸವುಳು ಬಾವಿಯ ನೀರಿನಲ್ಲಿ ಔಷಧ ಬೆರೆಸಿ ಬಹಳ ಹೊತ್ತು ಇಟ್ಟರೆ ಅದರ ಕಸುವು ಹೋಗುತ್ತದೆಂದು ನಿಮಗೆ ಹೇಳಿರುತ್ತಾರೆ. ಕ್ಷಾರದ ನೀರಿನಲ್ಲಿ ಕೆಲವು ಔಷಧಗಳು ಒಡೆದುಹೋಗುವುದೇ ಅದಕ್ಕೆ ಕಾರಣ. ಹೊಲದಲ್ಲಿ ನಷ್ಟವಾದ ಆ ಗುಣ ಅಡಿಗೆಮನೆಯಲ್ಲಿ ಲಾಭ.

ಈ ಸೋಡಾ ನೀರನ್ನು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೆ ಪ್ರಯೋಗಿಸಿದರು. ಥಯಾಬೆಂಡಜೋಲ್ ಎಂಬ ಶಿಲೀಂಧ್ರನಾಶಕವನ್ನೂ ಫಾಸ್ಮೆಟ್ ಎಂಬ ಕೀಟನಾಶಕವನ್ನೂ ಸೇಬಿಗೆ ಹಚ್ಚಿ ಒಂದು ದಿನ ಬಿಟ್ಟರು. ಆಮೇಲೆ ಸೋಡಾ ನೀರಿನಲ್ಲಿ ತೊಳೆದರು. ಮೇಲ್ಮೈಯಲ್ಲಿದ್ದದ್ದು ಹೋಗಲು 12ರಿಂದ 15 ನಿಮಿಷ ಹಿಡಿಯಿತು. ಅಂದರೆ ಒಂದು ಸಲ ಅದ್ದಿ ತೆಗೆದರೆ ಪ್ರಯೋಜನವಿಲ್ಲ, ಅಷ್ಟು ಹೊತ್ತು ನೆನೆಯಬೇಕು. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಹಚ್ಚಿದ ಥಯಾಬೆಂಡಜೋಲಿನಲ್ಲಿ ನೂರಕ್ಕೆ 20 ಪಾಲು ಅಷ್ಟರಲ್ಲೇ ಸಿಪ್ಪೆಯೊಳಕ್ಕೆ ಇಳಿದಿತ್ತು. ಅದನ್ನು ಸೋಡಾ ತೆಗೆಯಲಾರದೆ ಹೋಯಿತು. ಈ ಮಾತಿಗೆ ಮತ್ತೆ ಬರುತ್ತೇನೆ.

ಮಾಡಬಾರದ ಕೆಲವು ಕೆಲಸಗಳು

ಸೋಡಾ ಮತ್ತು ಹುಣಿಸೆಯನ್ನು ಒಟ್ಟಿಗೆ ಬೆರೆಸಬೇಡಿ. ನೊರೆ ಉಕ್ಕುವುದನ್ನು ನೋಡಿ ಶಕ್ತಿ ಇಮ್ಮಡಿಯಾಯಿತೆಂದು ತಿಳಿಯಬಾರದು. ಹುಳಿ ಮತ್ತು ಕ್ಷಾರ ಒಂದನ್ನೊಂದು ತಿಂದುಹಾಕಿ ಎರಡೂ ಕೆಲಸಕ್ಕೆ ಬಾರದಾಗುತ್ತವೆ.

ಸಾಬೂನು, ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರಾವಣ ಇವುಗಳನ್ನು ತರಕಾರಿಗೆ ಸರ್ವಥಾ ಬಳಸಬೇಡಿ. ಅವು ಸಿಪ್ಪೆಯ ಸಂದಿಯಲ್ಲಿ ಉಳಿದು ಹೊಟ್ಟೆಗೆ ಹೋಗುತ್ತವೆ. ಕೊರೊನಾ ಕಾಲದಲ್ಲಿ ಹೆದರಿ ಹಾಗೆ ಮಾಡಿದವರು ಬಹಳ. ಹಣ್ಣು ತರಕಾರಿಗೆ ಸಾಬೂನು, ಕ್ರಿಮಿನಾಶಕ ಬೇಡವೆಂದು ಕೇಂದ್ರ ಆಹಾರ ಸುರಕ್ಷಾ ಪ್ರಾಧಿಕಾರವೇ 2020ರಲ್ಲಿ ತಿಳಿಸಬೇಕಾಯಿತು. ಬ್ಲೀಚಿಂಗ್ ಪುಡಿಯನ್ನು ಕೈಯಂದಾಜಿನಿಂದ ಹಾಕುವುದೂ ಬೇಡ. ಅದಕ್ಕೆ ಹುಣಿಸೆ, ನಿಂಬೆ, ವಿನೆಗರ್ ಸೇರಿದರಂತೂ ಉಸಿರು ಕಟ್ಟಿಸುವ ವಿಷಗಾಳಿ ಏಳುತ್ತದೆ.

ಹೆಚ್ಚಿದ ಮೇಲೆ ತೊಳೆಯುವ ರೂಢಿಯನ್ನು ಬಿಡಬೇಕು. ನೀರಿನಲ್ಲಿ ಕರಗುವ ಜೀವಸತ್ವಗಳು ಕೊಯ್ದ ಬಾಯಿಯಿಂದ ಹೊರಟುಹೋಗುತ್ತವೆ. ಇಡಿಯಾಗಿರುವಾಗಲೇ ತೊಳೆದು ಆಮೇಲೆ ಹೆಚ್ಚಿ. ಸಿಪ್ಪೆ ತೆಗೆಯುವ ಕಲ್ಲಂಗಡಿ, ಪಪ್ಪಾಯಿ, ಮೂಸಂಬಿಗಳನ್ನೂ ತೊಳೆದೇ ಕೊಯ್ಯಬೇಕು. ಇಲ್ಲದಿದ್ದರೆ ಮೇಲಿದ್ದದ್ದನ್ನು ಚಾಕುವೇ ಒಳಗೆ ಒಯ್ಯುತ್ತದೆ.

ತೊಳೆದರೂ ಹೋಗದ್ದು

ಈಗ ಗಂಡಸರ ಭಾಗಕ್ಕೆ ಬರುತ್ತೇನೆ. ಮಳೆ ಬಂದರೂ ತೊಳೆದುಹೋಗಬಾರದೆಂದು ನೀವು ಔಷಧಕ್ಕೆ ಅಂಟು ಸೇರಿಸಿ ಹೊಡೆಯುತ್ತೀರಿ. ಒಂದು ಹದ ಮಳೆಗೆ ಹೋಗದ್ದು ಮನೆಯಾಕೆಯ ಒಂದು ಚೊಂಬು ನೀರಿಗೆ ಪೂರ್ತಿ ಹೋಗುವುದೇ? ಇನ್ನು ಅಂತರ್ವ್ಯಾಪಿ ಔಷಧಗಳಿವೆ. ಮೊನೊಕ್ರೊಟೊಫಾಸ್, ಡೈಮಿಥೋಯೇಟ್, ಅಸಿಫೇಟ್, ಇಮಿಡಾಕ್ಲೋಪ್ರಿಡ್ ಈ ಜಾತಿಯವು. ಇವು ಎಲೆಯಿಂದಲೋ ಬೇರಿನಿಂದಲೋ ಗಿಡದ ರಸದೊಳಗೆ ಸೇರಿ ಹರಡುತ್ತವೆ. ರಸ ಹೀರುವ ಹುಳು ಸಾಯುವುದೇ ಹಾಗೆ. ರಸದಲ್ಲಿ ಸೇರಿದ್ದನ್ನು ಉಪ್ಪೂ ಹುಣಿಸೆಯೂ ಹೊರಗೆಳೆಯಲಾರವು. ಅದು ಇಳಿಯಬೇಕಾದರೆ ದಿನಗಳು ಕಳೆಯಬೇಕು, ಅಷ್ಟೆ.

ಇದು ನಮ್ಮ ಕಬ್ಬಿನ ವಿಷಯವಿದ್ದಂತೆಯೇ. ಕಾರ್ಖಾನೆಯಲ್ಲಿ ರಸಕ್ಕೆ ಸುಣ್ಣದ ಹಾಲು ಬೆರೆಸಿ, ಗಂಧಕದ ಹೊಗೆ ಹಾಯಿಸಿ, ಕಾಯಿಸಿ ಕಶ್ಮಲ ತೆಗೆಯುತ್ತಾರೆ. ಹಾಗಿದ್ದರೂ ಸ್ವಚ್ಛವಾದ ಕಬ್ಬನ್ನೇ ಕಳುಹಿಸಿ ಎಂದು ಸದಸ್ಯರನ್ನು ಪದೇ ಪದೇ ಕೇಳುವುದೇಕೆ? ಹೊಲದಲ್ಲಿ ಆಗಬೇಕಾದ ಶುದ್ಧಿ ಕಾರ್ಖಾನೆಯಲ್ಲಿ ಪೂರ್ತಿ ಆಗುವುದಿಲ್ಲವೆಂದು. ತರಕಾರಿಯ ವಿಷಯದಲ್ಲೂ ಹೊಲದಲ್ಲಿ ಆಗಬೇಕಾದದ್ದು ಅಡಿಗೆಮನೆಯಲ್ಲಿ ಪೂರ್ತಿ ಆಗುವುದಿಲ್ಲ.

ಆದ್ದರಿಂದ ಈ ನಾಲ್ಕು ವಿಷಯಗಳನ್ನು ಪಾಲಿಸಬೇಕೆಂದು ಕೋರುತ್ತೇನೆ.

ಮೊದಲನೆಯದು, ದಿನ ಲೆಕ್ಕ ಇಡಿ. ಕೊನೆಯ ಸಿಂಪರಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂಬುದು ಔಷಧದ ಜೊತೆಗಿರುವ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಬೆಳೆ ಬೆಳೆಗೆ, ಔಷಧ ಔಷಧಕ್ಕೆ ಅದು ಬೇರೆ. ಹೊಡೆದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ಮನೆಯಾಕೆಗೆ ತಿಳಿಸಿ. ಪೇಟೆಯಲ್ಲಿ ಕೊಳ್ಳುವವರಿಗೆ ಯಾವ ದಿನ ಏನು ಹೊಡೆದಿದ್ದಾರೆಂದು ತಿಳಿಯುವ ದಾರಿಯೇ ಇಲ್ಲ. ನಿಮ್ಮ ಮನೆಯಲ್ಲಿ ಆ ಅನುಕೂಲವಿದೆ, ಅದನ್ನು ಕಳೆದುಕೊಳ್ಳಬೇಡಿ. ಮಾರಲು ಒಯ್ಯುವ ಬದನೆ, ಟೊಮೆಟೊಗಳಿಗೂ ಇದೇ ಲೆಕ್ಕ. ಅವನ್ನು ತಿನ್ನುವವರೂ ಮಕ್ಕಳೊಂದಿಗರೇ.

ಎರಡನೆಯದು, ಒಂದು ಬೆಳೆಗೆಂದು ತಂದ ಔಷಧವನ್ನು ಉಳಿದಿದೆಯೆಂದು ತರಕಾರಿಗೆ ಹೊಡೆಯಬೇಡಿ. ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದೆಂದು ಸರ್ಕಾರ 2005ರಲ್ಲೇ ನಿಷೇಧಿಸಿತು.

ಮೂರನೆಯದು, ಗಾಳಿ ನೋಡಿ ಹೊಡೆಯಿರಿ. ಬದುವಿನ ಮೇಲಿನ ಅವರೆ, ಹಿತ್ತಲ ಹೀರೆ, ಪಕ್ಕದವರ ಸೊಪ್ಪಿನ ಮಡಿ ಇವುಗಳ ಮೇಲೆ ತುಂತುರು ಹಾರಬಾರದು. ನಮ್ಮ ಕನ್ನಡದವರೂ ಬಾಳುತ್ತಿರುವ ಕಾಸರಗೋಡು ಸೀಮೆಯಲ್ಲಿ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದು ಮನೆಯಂಗಳಕ್ಕೂ ತೋಡಿನ ನೀರಿಗೂ ಬಿತ್ತು. ಆ ಊರುಗಳ ಮಕ್ಕಳ ಸಂಕಟವನ್ನು ದೇಶವೇ ನೋಡಿದೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ಔಷಧವನ್ನು ದೇಶದಲ್ಲೆಲ್ಲ ತಡೆಯಿತು. ಅಂಗಳಕ್ಕೂ ಬಾವಿಗೂ ಬಿದ್ದ ಮೇಲೆ ಯಾವ ಮನೆಯ ಉಪಾಯವೂ ಅದನ್ನು ತೊಳೆಯಲಾರದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಔಷಧದ ಡಬ್ಬಿ ಅಡಿಗೆಮನೆಯ ಹೊಸಿಲು ದಾಟಬಾರದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ನಮ್ಮ ಮಾತಿನಲ್ಲಿ ಔಷಧ ಹೊಡೆಯುವುದಕ್ಕೂ ಎಣ್ಣೆ ಹೊಡೆಯುವುದು ಎನ್ನುತ್ತೇವೆ, ಒಗ್ಗರಣೆಗೆ ಹಾಕುವುದಕ್ಕೂ ಎಣ್ಣೆ ಎನ್ನುತ್ತೇವೆ. ಮಾತಿನಲ್ಲಿ ಒಂದಾದದ್ದು ಡಬ್ಬಿಯಲ್ಲಿ ಒಂದಾಗದಿರಲಿ. ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಹೊಡೆದುಬಿಡಿ. ಎಷ್ಟು ಚೆನ್ನಾಗಿರುವ ಡಬ್ಬಿಯಾದರೂ ಅದರಲ್ಲಿ ನೀರಾಗಲಿ, ಎಣ್ಣೆಯಾಗಲಿ, ಕಾಳಾಗಲಿ ತುಂಬಬೇಡಿ. ಸಿಂಪಡಿಸಿ ಬಂದವರು ಕೈಕಾಲು ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ತರಕಾರಿ ಬುಟ್ಟಿಯನ್ನೂ ಮಕ್ಕಳನ್ನೂ ಮುಟ್ಟಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಹೊಲಕ್ಕೆ ಬಂದ ಮಕ್ಕಳು ಕಬ್ಬು ಮುರಿದು ಅಲ್ಲೇ ಹಲ್ಲಿನಿಂದ ಸಿಗಿದು ತಿನ್ನುತ್ತಾರೆ. ಬೇಡವೆಂದರೆ ಕೇಳುವ ವಯಸ್ಸಲ್ಲ. ಔಷಧ ಹೊಡೆದ ಮಡಿಯ ಕಬ್ಬನ್ನು ಮುರಿಯಬಾರದೆಂದು ಅವರಿಗೆ ಸ್ಪಷ್ಟವಾಗಿ ತೋರಿಸಿಕೊಡಿ. ತಿನ್ನಲು ಕೊಡುವ ಕಬ್ಬನ್ನು ತೊಳೆದು, ಮಚ್ಚಿನಿಂದ ಸಿಪ್ಪೆ ಹೆರೆದು ನೀವೇ ತುಂಡು ಮಾಡಿ ಕೊಡಿ.

ಈ ದಿನ ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿ. ತಾಯಂದಿರು ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಅಳತೆಗೊಂದು ಟೀ ಚಮಚ ಇಡಿ. ಗಂಡಸರು ಮನೆಯೊಳಗೆ ಔಷಧದ ಹಳೆಯ ಡಬ್ಬಿ ಯಾವುದಾದರೂ ಕೆಲಸಕ್ಕೆ ಇದೆಯೇ ಎಂದು ಹುಡುಕಿ ನೋಡಿ. ಇದ್ದರೆ ನಾಳೆಗೆಂದು ಬಿಡದೆ ಈ ದಿನವೇ ಹೊರಗೆ ಹಾಕಿ.