ಬ್ಯಾಂಕುಗಳು ಮುಚ್ಚಿದ ವಾರ



1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ಹೊತ್ತಿಗೆ, ಆ ದೇಶದ ಬಹುಪಾಲು ರಾಜ್ಯಗಳಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದ್ದವು. ತೆರೆದಿದ್ದ ಕಡೆಯೂ ಎಷ್ಟೋ ಬ್ಯಾಂಕುಗಳು ಇಷ್ಟಕ್ಕಿಂತ ಹೆಚ್ಚು ಹಣ ಕೊಡುವುದಿಲ್ಲ ಎನ್ನುತ್ತಿದ್ದವು. ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿದ್ದವು. ಒಂದೂರಿನ ಬ್ಯಾಂಕು ಮುಳುಗಿತೆಂದರೆ ಪಕ್ಕದೂರಿನ ಗಟ್ಟಿ ಬ್ಯಾಂಕಿನ ಮುಂದೆಯೂ ಜನ ಸಾಲುಗಟ್ಟುತ್ತಿದ್ದರು. ತೆಗೆದ ದುಡ್ಡನ್ನು ಮನೆಯಲ್ಲಿ ಬಚ್ಚಿಡುತ್ತಿದ್ದರು. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಠೇವಣಿಗೆ ದೇಶವ್ಯಾಪಿ ಸರ್ಕಾರಿ ವಿಮೆ ಆಗಿನ್ನೂ ಬಂದಿರಲಿಲ್ಲ. ಕೂಡಿಟ್ಟದ್ದೆಲ್ಲ ಬೆಳಗಾಗುವಷ್ಟರಲ್ಲಿ ಇಲ್ಲವಾಗಬಹುದಿತ್ತು.

ಬ್ಯಾಂಕುಗಳ ವಿಷಯದಲ್ಲಿ ರೂಸ್‌ವೆಲ್ಟ್ ಮೊದಲು ಮಾಡಿದ ಕೆಲಸ ಭಾಷಣವಲ್ಲ. 6ನೇ ತಾರೀಕಿನಿಂದ ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಸಾರಿದರು. ಚುನಾವಣೆಯಲ್ಲಿ ಸೋತ ಹಿಂದಿನ ಅಧ್ಯಕ್ಷ ಹೂವರ್ ಸರ್ಕಾರದ ಖಜಾನೆ ಅಧಿಕಾರಿಗಳೂ ಹೊಸಬರ ಜೊತೆ ಕೂತು ದಾರಿ ಹುಡುಕಿದರು. 9ರಂದು ಒಂದೇ ದಿನದಲ್ಲಿ ಸಂಸತ್ತು ಕಾನೂನು ಮಾಡಿತು. ಯಾವ ಬ್ಯಾಂಕು ತೆರೆಯಲು ಯೋಗ್ಯ ಎಂದು ನೋಡುವ ಕೆಲಸ ಶುರುವಾಯಿತು. ಇಷ್ಟಾದ ಮೇಲೆ, 12ರ ಭಾನುವಾರ ರಾತ್ರಿ, ಅವರು ರೇಡಿಯೋ ಮುಂದೆ ಕೂತರು.

ಮಾತು ಕಾಲು ಗಂಟೆಯನ್ನೂ ದಾಟಲಿಲ್ಲ. ದೇಶದ ಹಿರಿಮೆಯ ವರ್ಣನೆಯಿಂದ ಅವರು ಶುರು ಮಾಡಲಿಲ್ಲ. ನೀವು ಕಟ್ಟಿದ ಹಣವನ್ನು ಬ್ಯಾಂಕಿನವರು ತಿಜೋರಿಯಲ್ಲಿಟ್ಟು ಬೀಗ ಹಾಕುವುದಿಲ್ಲ ಎಂಬಲ್ಲಿಂದ ಶುರು ಮಾಡಿದರು. ಆ ಹಣ ಸಾಲವಾಗಿ, ಬಾಂಡುಗಳಾಗಿ, ಮನೆ ಜಮೀನುಗಳ ಅಡಮಾನವಾಗಿ ಊರ ತುಂಬ ಓಡಾಡುತ್ತಿರುತ್ತದೆ. ಕೈಯಲ್ಲಿರುವ ನಗದು ಸ್ವಲ್ಪವೇ. ಮಾಮೂಲು ದಿನಗಳಿಗೆ ಅಷ್ಟು ಸಾಕು. ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಮಾತ್ರ ಎಂಥ ಒಳ್ಳೆಯ ಬ್ಯಾಂಕೂ ಕೊಡಲಾರದು, ಏಕೆಂದರೆ ಆಸ್ತಿಯನ್ನೆಲ್ಲ ಆ ಗಾಬರಿಯಲ್ಲಿ ಸಿಕ್ಕಿದ ಬೆಲೆಗೆ ಮಾರಬೇಕಾಗುತ್ತದೆ. ಬ್ಯಾಂಕು ನಡೆಸಿದವರಲ್ಲಿ ಕೆಲವರು ಅಸಮರ್ಥರೂ ಅಪ್ರಾಮಾಣಿಕರೂ ಆಗಿದ್ದರು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಅಲ್ಲಿಂದ ಮುಂದಿನ ಭಾಗವೇ ನನಗೆ ಬಹಳ ಮುಖ್ಯವೆನಿಸುತ್ತದೆ. ಸೋಮವಾರ ಕೇಂದ್ರ ಬ್ಯಾಂಕ್ ವ್ಯವಸ್ಥೆಯಾದ ಫೆಡರಲ್ ರಿಸರ್ವ್‌ನ ಬ್ಯಾಂಕುಗಳಿರುವ 12 ನಗರಗಳಲ್ಲಿ, ಮಂಗಳವಾರ ಬ್ಯಾಂಕುಗಳು ಪರಸ್ಪರ ಚೆಕ್ಕು ಚುಕ್ತಾ ಮಾಡಿಕೊಳ್ಳುವ ಕ್ಲಿಯರಿಂಗ್ ಹೌಸ್ ಇರುವ ನಗರಗಳಲ್ಲಿ, ಬುಧವಾರದಿಂದ ಸಣ್ಣ ಊರುಗಳಲ್ಲಿ, ಪರೀಕ್ಷೆಯಲ್ಲಿ ಗಟ್ಟಿ ಎಂದು ಕಂಡ ಬ್ಯಾಂಕುಗಳು ತೆರೆಯುತ್ತವೆ ಎಂದರು. ನಿಮ್ಮ ಬ್ಯಾಂಕು ಮೊದಲ ದಿನ ತೆರೆಯದಿದ್ದರೆ ಅದು ತೆರೆಯುವುದೇ ಇಲ್ಲವೆಂದು ತಿಳಿಯಬೇಡಿ ಎಂದೂ ಸೇರಿಸಿದರು. ಯಾವುದೋ ಸಣ್ಣ ಊರಿನಲ್ಲಿ ಸೋಮವಾರ ಬೆಳಿಗ್ಗೆ ಹೆಂಗಸೊಬ್ಬಳು ಬ್ಯಾಂಕಿನ ಬೀಗ ನೋಡಿ ನಿಲ್ಲುವುದನ್ನು ಊಹಿಸಿ. ಆ ಮಾತು ಕಿವಿಗೆ ಬಿದ್ದಿರದಿದ್ದರೆ, ಸಂಜೆಯೊಳಗೆ ಊರೆಲ್ಲ ಗುಲ್ಲಾಗುತ್ತಿತ್ತು. ನಾಳೆ ಹುಟ್ಟಲಿರುವ ಗಾಳಿಸುದ್ದಿಗೆ ಇಂದೇ ಉತ್ತರ ಸಿಕ್ಕಿತ್ತು. ಗಾಳಿಸುದ್ದಿ ಹಬ್ಬಿದ ಮೇಲೆ ಅಲ್ಲಗಳೆಯುವುದು ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತು.

ಎಲ್ಲ ಬ್ಯಾಂಕುಗಳೂ ತೆರೆಯುತ್ತವೆ, ಯಾರಿಗೂ ನಷ್ಟವಾಗುವುದಿಲ್ಲ ಎಂಬ ಮಾತು ಕೊಡಲಾರೆ ಎಂದೂ ಅವರು ಹೇಳಿದರು. ಜನ ಹೆದರಿರುವಾಗ ಇದನ್ನು ಹೇಳುವುದಕ್ಕೆ ಎದೆಗಾರಿಕೆ ಬೇಕು. ನಂಬಿಕೆ ಹುಟ್ಟಿದ್ದು ಈ ಮಾತಿನಿಂದಲೇ ಎಂದು ನನ್ನ ಭಾವನೆ.

ಮರುದಿನ ಬ್ಯಾಂಕುಗಳ ಮುಂದೆ ಮತ್ತೆ ಸಾಲು ಬೆಳೆಯಿತು. ಈ ಸಲ ಜನ ಬಂದಿದ್ದು ಹಣ ಕಟ್ಟಲು. ಬಚ್ಚಿಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಆ ತಿಂಗಳು ಮುಗಿಯುವುದರೊಳಗೆ ಹಿಂದಿರುಗಿತು. 15ರಂದು ಮತ್ತೆ ತೆರೆದ ನ್ಯೂಯಾರ್ಕಿನ ಷೇರುಪೇಟೆ ಆ ಒಂದೇ ದಿನ ಶೇಕಡಾ 15ರಷ್ಟು ಏರಿತು. ಸಾವಿರಾರು ಬ್ಯಾಂಕುಗಳು ತಕ್ಷಣ ತೆರೆಯಲಿಲ್ಲ, ಹಲವು ಎಂದೂ ತೆರೆಯಲಿಲ್ಲ. ಆದರೂ ಗಾಬರಿ ಮರುಕಳಿಸಲಿಲ್ಲ. ಠೇವಣಿ ವಿಮೆಯ ಕಾನೂನು ಅದೇ ವರ್ಷ ಜೂನ್‌ನಲ್ಲಿ ಬಂತು.

ಹೀಗೆ ಬಿಡಿಸಿ ಹೇಳುವ ರೀತಿಯನ್ನು ರೂಸ್‌ವೆಲ್ಟ್ ಕೊನೆಯವರೆಗೂ ಬಿಡಲಿಲ್ಲ. 1942ರ ಫೆಬ್ರವರಿ 23ರಂದು, ಎರಡನೇ ಮಹಾಯುದ್ಧದಲ್ಲಿ ಸೋಲಿನ ಮೇಲೆ ಸೋಲು ಬರುತ್ತಿದ್ದಾಗ, ಅವರು ರೇಡಿಯೋದಲ್ಲಿ ಮಾತಾಡಿದರು. ಪ್ರಪಂಚದ ನಕ್ಷೆಯೊಂದನ್ನು ಎದುರಿಗೆ ಹರಡಿಕೊಂಡು ತಮ್ಮ ಮಾತು ಕೇಳಿ ಎಂದು ಜನರಿಗೆ ಮೊದಲೇ ತಿಳಿಸಿದ್ದರು. ನಕ್ಷೆಗಳು ಅಂಗಡಿಗಳಲ್ಲಿ ಬೇಗಬೇಗ ಖರ್ಚಾದವು. ಹಡಗುಗಳು ಎಷ್ಟು ದೂರ ಸಾಗಬೇಕು, ನೆರವು ತಲುಪಲು ಏಕೆ ತಡವಾಗುತ್ತದೆ ಎಂಬುದನ್ನು ಸಾಮಾನ್ಯ ಜನ ನಕ್ಷೆಯ ಮೇಲೆ ಬೆರಳಿಟ್ಟು ತಿಳಿದುಕೊಂಡರು.

ಇದನ್ನು ಮೆಚ್ಚುವಾಗ ಇನ್ನೊಂದನ್ನೂ ಹೇಳದೆ ಬಿಡಲಾರೆ. ಆ ನಕ್ಷೆಯ ಮಾತಿಗೆ ನಾಲ್ಕೇ ದಿನ ಮೊದಲು ಅವರು ಒಂದು ಆಜ್ಞೆಗೆ ಸಹಿ ಹಾಕಿದ್ದರು. ಅದರ ಬಲದಿಂದ ಜಪಾನಿ ಮೂಲದ 1,20,000ರಷ್ಟು ಜನರನ್ನು ಪಶ್ಚಿಮ ಕರಾವಳಿಯ ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಬ್ಯಾಂಕಿನ ತಿಜೋರಿಯ ಒಳಗನ್ನೂ ಜನರಿಗೆ ತೋರಿಸಿದ್ದ ಅಧ್ಯಕ್ಷರು ಈ ಜನರನ್ನು ವಿವರಣೆಗೆ ಅರ್ಹರೆಂದು ಎಣಿಸಲಿಲ್ಲ. ಅಮೆರಿಕದ ಸರ್ಕಾರ ಕಾನೂನಿನ ಮೂಲಕ ಅವರ ಕ್ಷಮೆ ಕೇಳಿ, ಬದುಕುಳಿದಿದ್ದವರಿಗೆ ಪರಿಹಾರ ಕೊಡಲು ಒಪ್ಪಿದ್ದು 1988ರಲ್ಲಿ.